ಐದು ತುಂಡು ಕಫನ್

ರಜಬ್ ೩, ಶುಕ್ರವಾರ

ಇವತ್ತು ಸಬೂರನ ಊಟದ ತಟ್ಟೆಯ ಮೇಲೆ ನನ್ನ ಕರಿಯ ತಲೆವಸ್ತ್ರವನ್ನು ಮಡಿಸಿಟ್ಟು ಅವನ ಮುಂದೆ ತಳ್ಳಿದೆ. ರೊಟ್ಟಿ ಅದರ ಕೆಳಗಿತ್ತು.

"ಇದೇನಕ್ಕಾ?"

"ಹೊದ್ಕೋ. ಆ ನಾಯಿ ಜೈಲಿಂದ ಹೊರಗೆ ಬಂದು ಆರು ದಿನ ಆಯ್ತು. ಇನ್ನೂ ಮನೇಲಿ ಕೂತು ರೊಟ್ಟಿ ಮುರೀತಿದೀಯಲ್ಲ, ನಿನಗ್ಯಾಕೆ ಗಂಡಸರ ಪೇಟ?"

ಸಬೂರ ವಸ್ತ್ರ ತೆಗೆದು ಪಕ್ಕಕ್ಕಿಟ್ಟ. ರೊಟ್ಟಿ ಮುಟ್ಟಲಿಲ್ಲ. ಅವನ ಮೂವರು ಹೆಣ್ಣುಮಕ್ಕಳು ಬಾಗಿಲ ಹಿಂದೆ ನಿಂತು ನೋಡುತ್ತಿದ್ದರು. ನೋಡಲಿ. ಅಪ್ಪ ಎಂಥವನು ಅಂತ ಅವರಿಗೂ ಗೊತ್ತಾಗಲಿ.

ಶಾಲೆಯಲ್ಲಿ ಉಳಿದ ಹಾಜರಿ ಪುಸ್ತಕದಲ್ಲಿ ಇದನ್ನು ಬರೆಯುತ್ತಿದ್ದೇನೆ. ಹುಡುಗಿಯರಿಗೆ ಹೊಲಿಗೆ ಕಲಿಸುವ ಟೀಚರು, ಅಬ್ಲಾ ಬದ್ರಿಯಾಳ ಬಾಯಲ್ಲಿ ಈ ಮಾತುಗಳು ಬರಬಾರದಂತೆ. ಪುಸ್ತಕಕ್ಕೆ ಕಿವಿಯಿಲ್ಲ.

ರಿಫಾಯಿ ಸತ್ತು ಎಂಟು ತಿಂಗಳು. ನನ್ನ ಕಿರಿಯ ತಮ್ಮ. ಇಪ್ಪತ್ತೊಂಬತ್ತು ವರ್ಷದ ಆಳು. ಕಾಲುವೆ ದಂಡೆಯ ಕಬ್ಬಿನ ತುಂಡು ಹೊಲಕ್ಕೆ ನೀರು ಹಾಯಿಸುತ್ತಿದ್ದವನನ್ನು ಆ ನಾಯಿ ಎದುರಿಂದಲೇ ಗುಂಡು ಹೊಡೆದು ಕೆಡವಿತು. ಸುತ್ತ ಮೂವತ್ತು ಜನ ಕೆಲಸ ಮಾಡುತ್ತಿದ್ದರು. ಕೋರ್ಟಿನಲ್ಲಿ ಮೂವತ್ತಕ್ಕೆ ಮೂವತ್ತು ಜನರೂ ಕುರುಡರು. ಬಿಡುಗಡೆ.

ರಕ್ತಕ್ಕೆ ರಕ್ತ ಬರುವತನಕ ನಮ್ಮ ಸೀಮೆಯಲ್ಲಿ ಸತ್ತವನಿಗೆ ಶೋಕ ಕೂರುವುದಿಲ್ಲ. ಚಾಪೆ ಹಾಸಿಲ್ಲ. ಕಾಫಿ ಕಾಯಿಸಿಲ್ಲ. ಕುರಾನ್ ಓದುವವನನ್ನು ಕರೆಸಿಲ್ಲ. ಅವ್ವ ಅತ್ತಿಲ್ಲ. ರಿಫಾಯಿಯ ಕೊನೆಯ ಜುಬ್ಬಾ ಗೋಡೆಯ ಗೂಟದಲ್ಲಿ ರಕ್ತದ ಸಮೇತ ತೂಗುತ್ತಿದೆ. ಒಗೆಯಲು ನಾನು ಬಿಟ್ಟಿಲ್ಲ.

ಕೊಂದವನ ಹೆಸರನ್ನು ಈ ಪುಸ್ತಕದಲ್ಲಿ ಬರೆಯಲಾರೆ. ನಾಯಿ ಅಂದರೆ ಸಾಕು. ಅದಕ್ಕೆ ಒಂದು ಲೋಟ ನೀರು ಕೊಟ್ಟವರ ಹೊಸ್ತಿಲನ್ನೂ ತುಳಿಯುವುದಿಲ್ಲ ಅಂತ ಆಣೆ ಮಾಡಿದ್ದೇನೆ.

ರಜಬ್ ೭, ಮಂಗಳವಾರ

ಸಬೂರ ಕಬ್ಬಿನ ರೈಲಿಗೆ ಹೊರೆ ತುಂಬಲು ಹೋದ ಮೇಲೆ ಗೋಧಿ ಕಣಜದಲ್ಲಿ ಕೈಯಾಡಿಸಿದೆ. ಬಂದೂಕು ಅಲ್ಲೇ ಇದೆ. ನಾನು ಕೊಡಿಸಿದ್ದು. ಎಣ್ಣೆ ಒಣಗಿದೆ. ಒರೆಸಿ ಮತ್ತೆ ಇಟ್ಟೆ.

ಅಪ್ಪ ಬದುಕಿದ್ದರೆ ಏನು ಹೇಳುತ್ತಿದ್ದ ಅನ್ನುವುದು ಗೊತ್ತು. ದರ್ಗಾದ ಅಂಗಳದಲ್ಲಿ ಪ್ರತಿ ಶುಕ್ರವಾರ ಅಲ್ಲಾಹನ ನಾಮ ಜಪಿಸುತ್ತ ತೂಗಾಡುತ್ತಿದ್ದ ಮನುಷ್ಯ. ಬಂದೂಕು ಹಿಡಿದು ಮೆರೆಯುವವರನ್ನು ಕಂಡರೆ ನಗುತ್ತಿದ್ದ. "ಅದು ಚಿಕ್ಕ ಜಿಹಾದ್ ಕಣವ್ವ. ದೊಡ್ಡದು ಒಳಗಿರೋ ನಾಯಿ ಜತೆ ಮಾಡೋದು. ಅದು ನಿನ್ನ ದನಿಯಲ್ಲೇ ಮಾತಾಡುತ್ತೆ, ನ್ಯಾಯಾನೇ ಮಾತಾಡುತ್ತೆ. ಅದಕ್ಕೇ ಯಾರಿಗೂ ಗುರುತು ಸಿಗಲ್ಲ."

ಸರಿಯಪ್ಪ. ನಿನ್ನ ಮಗನನ್ನು ಯಾರೂ ಎದೆಗೆ ಹೊಡೆದಿರಲಿಲ್ಲ ಆಗ. ಹೊಟ್ಟೆ ತುಂಬಿದವರು ಒಳಗಿನ ನಾಯಿಯ ಮಾತಾಡಬಹುದು. ನಮ್ಮದು ಹೊರಗೆ ತಿರುಗಾಡುತ್ತಿದೆ, ನಾಲ್ಕು ಕಾಲಿನಲ್ಲಲ್ಲ, ಎರಡು ಕಾಲಿನಲ್ಲಿ.

ರಜಬ್ ೧೫, ಬುಧವಾರ

ರಾಜಿ ಮಂಡಳಿ ಬಂದಿತ್ತು. ಐದು ಮಂದಿ. ಮುಂದೆ ಹಾಜಿ ಅಬುಲ್ ವಫಾ, ಬೆಳ್ಳಿ ಹಿಡಿಯ ಕೋಲು, ಇಸ್ತ್ರಿ ಮಾಡಿದ ನಿಲುವಂಗಿ. ಕಾಲುವೆಯ ಈ ಕಡೆಯದೂ ಆ ಕಡೆಯದೂ ಅವನದೇ ಜಮೀನು. ಉಳುವುದು ನಾವು, ಸಕ್ಕರೆಯ ಸಿಹಿ ಅವನ ನಾಲಿಗೆಗೆ.

ಕಾಫಿ ಕೊಡಲಿಲ್ಲ. ಶೋಕವಿಲ್ಲದ ಮನೆಯಲ್ಲಿ ಕಾಫಿಯೂ ಇಲ್ಲ.

"ಹುಡುಗ ಕಫನ್ ಹೊತ್ಕೊಂಡು ಬರ್ತಾನೆ," ಅಂದ ಹಾಜಿ. "ಬರಿಗಾಲು, ಬರಿತಲೆ. ಊರೆಲ್ಲ ನೋಡೋ ಹಾಗೆ ತನ್ನ ಹೆಣದ ಬಟ್ಟೆ ತಾನೇ ತಂದು ಸಬೂರನ ಕೈಗೆ ಕೊಡ್ತಾನೆ. ಕೊಲ್ಲೋದಾದ್ರೆ ಕೊಲ್ಲಿ, ಬಿಡೋದಾದ್ರೆ ಬಿಡಿ. ಇದಕ್ಕಿಂತ ಇನ್ನೇನು ತಗ್ಗಬೇಕು?"

ಪರದೆಯ ಹಿಂದಿನಿಂದ ನಾನೇ ಅಂದೆ: "ಕೊಲ್ಲೋದಾದ್ರೆ ಅಂತೀರಿ, ಸುತ್ತ ಇನ್ನೂರು ಪೊಲೀಸರನ್ನ ನಿಲ್ಲಿಸ್ತೀರಿ!"

ಹಾಜಿ ನಕ್ಕ. "ಅಬ್ಲಾ, ನೀನು ಓದಿದವಳು. ಹೆಣ್ಣುಮಕ್ಕಳು ಗಂಡಸರನ್ನ ತಣ್ಣಗೆ ಮಾಡ್ಬೇಕು."

ಅವ್ವ ಬಾಯಿ ತೆರೆದಳು. ತಿಂಗಳುಗಳಾದ ಮೇಲೆ ಒಂದು ಪೂರ್ತಿ ವಾಕ್ಯ. "ಹಾಜಿ, ನನ್ನ ಮಗ ತಣ್ಣಗೇ ಇದಾನೆ. ಹೋಗಿ ಮುಟ್ಟಿ ನೋಡಿ."

ಐದೂ ಜನ ನೆಲ ನೋಡಿದರು. ಸಬೂರ ಮಾತ್ರ, "ಯೋಚನೆ ಮಾಡಿ ಹೇಳ್ತೀನಿ," ಅಂದ.

ಯೋಚನೆ!

ರಜಬ್ ೨೦, ಸೋಮವಾರ

ಒಪ್ಪಿಬಿಟ್ಟ. ಶಾಬಾನ್ ಇಪ್ಪತ್ತರ ಬುಧವಾರ, ಶಾಲೆಯ ಮೈದಾನದಲ್ಲಿ. ರಂಜಾನ್ ಬರುವ ಮುಂಚೆ ಮುಗಿಯಬೇಕಂತೆ.

ಅವನ ಜತೆ ಒಂದೇ ತಟ್ಟೆಯಲ್ಲಿ ಉಣ್ಣುವುದಿಲ್ಲ.

ಶಾಬಾನ್ ೨, ಶನಿವಾರ

ಆ ಮುದುಕಿ ಫರ್ಹಾನಾ ಬಂದಿದ್ದಳು. ನಾಯಿಯನ್ನು ಹೆತ್ತವಳು. ಕೊಲೆಯಾದ ದಿನವೇ ಅವರ ಮನೆಯವರೆಲ್ಲ ಕಾಲುವೆ ದಾಟಿ ನೆಂಟರ ಊರು ಸೇರಿದ್ದರು. ಹೆಂಗಸಿಗೆ ಗುಂಡು ಹೊಡೆಯುವುದಿಲ್ಲ ಅನ್ನುವ ಧೈರ್ಯದಲ್ಲಿ ಒಬ್ಬಳೇ ನಡೆದು ಬಂದಿದ್ದಾಳೆ. ಕಾಲು ಊದಿ ಕಂಬದಂತಾಗಿದೆ. ಉಸಿರು ಸಿಕ್ಕಿ ಸಿಕ್ಕಿ ಮಾತಾಡುತ್ತಾಳೆ. ಅಂಗಳದ ಮಣ್ಣಿನಲ್ಲೇ ಕೂತಳು. ಒಳಗೆ ಬಾ ಅನ್ನಲಿಲ್ಲ. ಅವಳೂ ಬರುತ್ತೇನೆ ಅನ್ನಲಿಲ್ಲ. ಮಡಿಲಿನಿಂದ ಬಿಳಿ ಬಟ್ಟೆಯ ಸುರುಳಿ ತೆಗೆದು ಇಟ್ಟಳು, ಜತೆಗೆ ಮಗನ ಅಳತೆಗೆ ಗಂಟು ಹಾಕಿದ ಒಂದು ದಾರ.

"ಕಫನ್ ಹರಿದುಕೊಡು ಬದ್ರಿಯಾ."

ಈ ಊರಿನಲ್ಲಿ ಹೆಣದ ಬಟ್ಟೆ ಹರಿಯುವವಳು ನಾನು. ಸೋದರತ್ತೆಯಿಂದ ನನಗೆ ಬಂದ ಕೆಲಸ. ಕತ್ತರಿ ಮುಟ್ಟಿಸುವಂತಿಲ್ಲ, ಸೂಜಿ ಹಾಕುವಂತಿಲ್ಲ, ಅಂಚು ಹಿಡಿದು ಕೈಯಲ್ಲೇ ಹರಿಯಬೇಕು. ಗಂಡಸಿಗೆ ಮೂರು ತುಂಡು, ಹೆಂಗಸಿಗೆ ಐದು. ಕೇಳಿ ಬಂದವರಿಗೆ ಇಲ್ಲ ಅನ್ನುವಂತಿಲ್ಲ, ಶತ್ರುವಾದರೂ. ರಿಫಾಯಿಯ ಮೂರು ತುಂಡನ್ನೂ ನಾನೇ ಹರಿದೆ.

"ನಿಮ್ಮೂರಲ್ಲಿ ಹರಿಯೋರಿಲ್ವಾ?"

"ಇದಾರೆ. ಅವರು ನಾಟಕಕ್ಕೆ ಹರಿದುಕೊಡ್ತಾರೆ. ನನಗೆ ನಿಜವಾದ್ದು ಬೇಕು. ನನ್ನ ಮಗ ಹೊತ್ಕೊಂಡು ಬರೋದು ನಿಜವಾಗ್ಲೂ ಅವನ ಹೆಣದ ಬಟ್ಟೆ ಆಗಿರ್ಬೇಕು. ನಿನ್ನ ತಮ್ಮ ಬೇಕಂದ್ರೆ ಅದ್ರಲ್ಲೇ ಸುತ್ತಲಿ."

"ಸುತ್ತಿಸ್ತೀನಿ ಬಿಡಿ."

"ಆ ದರಿದ್ರ ಹೊಲಾನ ಹಾಜಿ ನಮಗೂ ಕೊಟ್ಟಿದ್ದ ಕಣೇ. ನಿಮಗೆ ಬರಕೊಟ್ಟ ತಿಂಗಳೇ ನಮಗೂ ಬರಕೊಟ್ಟ. ಇಬ್ಬರ ಹತ್ರಾನೂ ಅವನ ಮೊಹರು ಒತ್ತಿದ ಕಾಗದ ಇದೆ."

"ಕಾಗದ ಹೊಡೀಲಿಲ್ಲ ನನ್ನ ತಮ್ಮನ್ನ."

ಮುದುಕಿ ತಲೆಯಾಡಿಸಿದಳು. ಎದ್ದು ನಿಲ್ಲಲು ಗೋಡೆ ಹಿಡಿದಳು. ಹೋಗುವಾಗ ಹೇಳಿದ ಮಾತು ಸಂಜೆವರೆಗೆ ಕಿವಿಯಲ್ಲಿ ಕೊರೆಯಿತು: "ಹಾಲು ಕುಡಿಸೋವಾಗ, ಇವನು ಅವನನ್ನ ಕೊಲ್ತಾನೆ ಅಂತ ಎದೆಗೆ ಗೊತ್ತಾಗುತ್ತೇನವ್ವ?"

ಇಲ್ಲಿವರೆಗೆ ಬರೆಯದೆ ಬಿಟ್ಟದ್ದನ್ನು ಬರೆಯಬೇಕು. ರಿಫಾಯಿ ಹುಟ್ಟಿದಾಗ ಅವ್ವನಿಗೆ ನಲವತ್ತು ದಿನ ಜ್ವರ, ಎದೆ ಬತ್ತಿಹೋಯಿತು. ನನಗೆ ಆಗ ಹದಿನಾಲ್ಕು. ಕೂಸನ್ನು ಕಂಕುಳಲ್ಲಿ ಇರುಕಿಕೊಂಡು ದಿನಕ್ಕೆ ನಾಲ್ಕು ಸಲ ಫರ್ಹಾನಾಳ ಮನೆಗೆ ಓಡುತ್ತಿದ್ದೆ. ಅವಳ ಒಂದು ಎದೆಯಲ್ಲಿ ಅವಳ ಕೂಸು, ಇನ್ನೊಂದರಲ್ಲಿ ನಮ್ಮದು. ನಮ್ಮ ಧರ್ಮದಲ್ಲಿ ಹಾಲು ರಕ್ತಕ್ಕೆ ಸಮ. ಕೊಂದವನೂ ಸತ್ತವನೂ ಹಾಲಿನ ಅಣ್ಣತಮ್ಮಂದಿರು.

ಬರೆದೆ. ಆಯಿತು. ಇದರಿಂದ ಏನೂ ಬದಲಾಗುವುದಿಲ್ಲ.

ಶಾಬಾನ್ ೪, ಸೋಮವಾರ

ಹರಿದೆ.

ಐದು ತುಂಡು ಹರಿದೆ! ಕೆಳಹೊದಿಕೆ, ಅಂಗಿ, ಮೇಲ್ಹೊದಿಕೆ, ಅದರ ಮೇಲೆ ತಲೆವಸ್ತ್ರ ಮತ್ತು ಎದೆಪಟ್ಟಿ. ಹೆಂಗಸಿನ ಕಫನ್. ಒಂದರೊಳಗೊಂದು ಮಡಿಸಿ, ಮೇಲಿನಿಂದ ಗೊತ್ತಾಗದ ಹಾಗೆ ಗಂಟು ಕಟ್ಟಿದೆ.

ಮೈದಾನದಲ್ಲಿ, ಬಟ್ಟೆಯೊಳಗೆ ಆಯುಧ ಅಡಗಿಸಿಲ್ಲ ಅಂತ ತೋರಿಸಲು ಮಂಡಳಿಯ ಶೇಖ್ ಪ್ರತಿ ತುಂಡನ್ನೂ ಬಿಡಿಸಿ ಎತ್ತಿ ಹಿಡಿಯುತ್ತಾನೆ. ಇದು ರೂಢಿ. ಸಾವಿರ ಗಂಡಸರ ಮುಂದೆ ನಾಯಿಯ ಗಂಟಿನಿಂದ ಹೆಂಗಸಿನ ಎದೆಪಟ್ಟಿ ಹೊರಬರಲಿ. ಆಮೇಲೆ ಅವನ ಚಿಕ್ಕಪ್ಪಂದಿರು ಸುಮ್ಮನಿರುತ್ತಾರೋ ನೋಡೋಣ. ರಾಜಿ ಮುರಿಯುತ್ತದೆ. ಸಬೂರನಿಗೆ ಬೇರೆ ದಾರಿ ಉಳಿಯುವುದಿಲ್ಲ.

ಅಳೆಯುವಾಗ ಒಂದು ಕೆಲಸ ಮಾಡಿದೆ, ಯಾಕೆ ಅಂತ ತಿಳಿಯದು. ನನ್ನ ಹೊಲಿಗೆ ಪೆಟ್ಟಿಗೆಯಲ್ಲಿ ರಿಫಾಯಿಯ ಅಳತೆಯ ದಾರ ಇದೆ. ಮುದುಕಿ ತಂದ ದಾರವನ್ನು ಅದರ ಪಕ್ಕ ಇಟ್ಟೆ. ಎರಡು ಬೆರಳಷ್ಟೇ ವ್ಯತ್ಯಾಸ. ರಿಫಾಯಿ ಎತ್ತರ.

ಒಂಬತ್ತು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ. ಗಂಟನ್ನು ಕಾಲುವೆ ದಾಟುವ ಹಾಲಿನವಳ ಕೈಯಲ್ಲಿ ಕಳಿಸಿದೆ.

ಶಾಬಾನ್ ೫, ಮಂಗಳವಾರ

ಉಂಡದ್ದೆಲ್ಲ ವಾಂತಿಯಾಯಿತು. ಫಾವಾ ಕಾಳು ಹಳಸಿತ್ತು ಅಂತ ಕಾಣುತ್ತದೆ.

ಶಾಬಾನ್ ೯, ಶನಿವಾರ

ತರಗತಿಯಲ್ಲಿ ಹುಡುಗಿಯರಿಗೆ ತೋಳು ಕೂಡಿಸುವುದನ್ನು ಹೇಳಿಕೊಡುತ್ತಿದ್ದೆ. ಸಬೂರನ ಹಿರಿಮಗಳು ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಹನ್ನೆರಡು ವರ್ಷ. ಅವಳ ತೋಳಿನ ಅಳತೆ ತೆಗೆಯುವಾಗ ಮಣಿಕಟ್ಟು ನನ್ನ ಎರಡು ಬೆರಳೊಳಗೆ ಸುಳಿದು ಹೋಯಿತು. ಸಾವಿರ ಜನರ ನಡುವೆ ಗುಂಡು ಹಾರಿದರೆ ಮೊದಲು ಬೀಳುವವನು ಕಫನ್ ತೆಗೆದುಕೊಳ್ಳಲು ಎದುರು ನಿಂತವನು. ಅಂದರೆ ಇವಳಪ್ಪ.

ಇದು ಹೊಸ ವಿಚಾರವೇನಲ್ಲ. ಗೊತ್ತಿತ್ತು ನನಗೆ. ಗೊತ್ತಿದ್ದೇ ಹರಿದದ್ದು.

ಮನೆಗೆ ಬಂದಾಗ ಸಬೂರ ಒಬ್ಬನೇ ಕೂತು ಬಂದೂಕಿನ ಗುಂಡುಗಳನ್ನು ಹೊರತೆಗೆಯುತ್ತಿದ್ದ.

"ಮಾರ್ತೀಯೇನೋ?"

"ಕಾಲುವೆಗೆ ಎಸೀತೀನಿ."

"ಹೆದರುಪುಕ್ಕ."

"ಹೌದಕ್ಕಾ, ಹೆದರುಪುಕ್ಕ." ದನಿ ಏರಿಸಲಿಲ್ಲ. "ನಿನಗೆ ಸತ್ತ ತಮ್ಮ ಒಬ್ಬ ಸಾಲದಾ? ನಾನೂ ಸತ್ರೆ ಆಗ ಯಾರ ತಟ್ಟೆ ಮೇಲೆ ವಸ್ತ್ರ ಇಡ್ತೀಯ?"

ಸಂಜೆ ಅವನು ಉಂಡು ಬಿಟ್ಟ ತಟ್ಟೆಯಲ್ಲೇ ನಾನೂ ಉಂಡೆ. ಬೇರೆ ತಟ್ಟೆ ತೊಳೆಯುವಷ್ಟು ನೀರಿರಲಿಲ್ಲ.

ಶಾಬಾನ್ ೧೩, ಬುಧವಾರ

ಗೂಟದಲ್ಲಿದ್ದ ಜುಬ್ಬಾ ತೆಗೆದು ಒಗೆದೆ. ಇಲಿ ಕಚ್ಚಿತ್ತು, ಅದಕ್ಕೆ. ರಕ್ತ ಪೂರ್ತಿ ಹೋಗಲಿಲ್ಲ, ಚಹಾದ ಬಣ್ಣಕ್ಕೆ ತಿರುಗಿತು. ಅವ್ವ ಹಗ್ಗದ ಕೆಳಗೆ ನಿಂತು ತೊಟ್ಟಿಕ್ಕುವ ನೀರಿಗೆ ಅಂಗೈ ಒಡ್ಡಿದ್ದಳು.

ಶಾಬಾನ್ ೧೫, ಶುಕ್ರವಾರ

ನಡು ಶಾಬಾನಿನ ದಿನ. ಮಧ್ಯಾಹ್ನದ ನಮಾಜಿನ ಮೇಲೆ ಅಪ್ಪನ ಹಳೆಯ ಗೆಳೆಯರು ದರ್ಗಾದಲ್ಲಿ ಜಪಕ್ಕೆ ಕೂಡಿದರು. ಈಗ ಏಳೇ ಜನ ಉಳಿದಿದ್ದಾರೆ, ಎಲ್ಲರೂ ಮುದುಕರು, ತೂಗಾಡಿದರೆ ಮಂಡಿ ಲಟಲಟ ಅನ್ನುತ್ತದೆ. ನಾನು ಹೆಂಗಸರ ಜಾಲರಿಯ ಹಿಂದೆ ಕೂತೆ. ಹೋಗಬೇಕು ಅಂತ ಹೋದದ್ದಲ್ಲ. ದಾರಿಯಲ್ಲಿತ್ತು.

ಕುರುಡ ಮುದುಕ ಶಹಾತಾ ದಫ್ ಬಾರಿಸುತ್ತಿದ್ದ. ನಡುವೆ ನಿಲ್ಲಿಸಿ ಜಾಲರಿಯ ಕಡೆ ಮುಖ ತಿರುಗಿಸಿದ. "ಅಲ್ಲಿ ಯಾರೋ ಹಲ್ಲು ಕಡೀತಿದಾರೆ. ತಾಳ ತಪ್ತಿದೆ." ಎಲ್ಲರೂ ನಕ್ಕರು. ನಾನೇ ಅಂತ ಅವನಿಗೆ ಗೊತ್ತಿತ್ತೋ ಇಲ್ಲವೋ.

ಕೇಳುತ್ತ ಕೂತೆ. ಒಳಗಿನಿಂದ ಒಂದು ದನಿ ಬಿಡದೆ ಮಾತಾಡುತ್ತಿತ್ತು: ನಿನ್ನ ತಮ್ಮ, ನಿನ್ನ ರಕ್ತ, ನಿನ್ನ ನ್ಯಾಯ. ಒಂಬತ್ತು ತಿಂಗಳಿಂದ ಇದೇ ದನಿ. ಒಂದು ಸಲ, ಒಂದೇ ಒಂದು ಸಲ, ಅದನ್ನು ಕೇಳಿದೆ: ರಿಫಾಯಿ ನಗುವಾಗ ಯಾವ ಕಣ್ಣು ಮೊದಲು ಮುಚ್ಚುತ್ತಿದ್ದ, ಹೇಳು?

ಅದಕ್ಕೆ ಗೊತ್ತಿರಲಿಲ್ಲ. ಒಂಬತ್ತು ತಿಂಗಳು ಅವನ ಹೆಸರು ಹೇಳಿಕೊಂಡು ನನ್ನ ಅನ್ನ ತಿಂದದ್ದು ಅವನ ಮುಖವನ್ನೇ ಮರೆತಿತ್ತು.

ಎಡಗಣ್ಣು. ಮನೆಗೆ ಬಂದು ಬಹಳ ಹೊತ್ತಿನ ಮೇಲೆ ನೆನಪಾಯಿತು.

ಮತ್ತೊಂದು ವಿಷಯ. ದರ್ಗಾದ ಗೋಡೆಗೆ ಹಾಜಿ ಅಬುಲ್ ವಫಾ ಹೊಸ ಸುಣ್ಣ ಹೊಡೆಸಿ ತನ್ನ ಹೆಸರಿನ ಫಲಕ ಹಾಕಿಸಿದ್ದಾನೆ. ಒಂದೇ ಹೊಲಕ್ಕೆ ಎರಡು ಮೊಹರು ಒತ್ತಿದ ಕೈ ಅದು. ಎರಡು ಮನೆಯೂ ಪೈಪೋಟಿಯಲ್ಲಿ ಬಗ್ಗಿ ದುಡಿಯಲಿ ಅಂತ ಒತ್ತಿದ ಮೊಹರು. ಫರ್ಹಾನಾ ಹೇಳಿದಾಗ ನೆಲಕ್ಕೆ ಬಿಸಾಕಿದ ಮಾತು ಇವತ್ತು ಕಾಲಿಗೆ ತೊಡರಿತು. ಹೊಡೆದದ್ದು ಫರ್ಹಾನಾಳ ಮಗನೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಇಬ್ಬರನ್ನೂ ಒಂದೇ ಬದುವಿನ ಮೇಲೆ ಎದುರೆದುರು ತಂದು ನಿಲ್ಲಿಸಿದವನು ಇವತ್ತು ಮೊದಲ ಸಾಲಿನಲ್ಲಿ ನಿಂತು ನಮಾಜು ಮಾಡಿದ.

ಶಾಬಾನ್ ೧೮, ಸೋಮವಾರ

ಕಾಲುವೆ ದಾಟಿದೆ.

ಶಾಲೆಗೆ ಅರ್ಧ ದಿನ ರಜೆ ಹಾಕಿ, ಒಬ್ಬಳೇ. ಗಂಟು ವಾಪಸು ತರಬೇಕಿತ್ತು. ಸಬೂರನ ಮಕ್ಕಳಿಗೋಸ್ಕರ, ಅಷ್ಟೇ.

ಅಂಗಳದಲ್ಲಿ ಅವನಿದ್ದ. ಕತ್ತೆಗೆ ಕಬ್ಬಿನ ಸೋಗೆ ಹಾಕುತ್ತಿದ್ದ. ತಲೆ ಬೋಳಿಸಿದ್ದಾನೆ. ಜೈಲಿನಲ್ಲಿ ತುಂಬ ಇಳಿದುಹೋಗಿದ್ದಾನೆ. ನನ್ನನ್ನು ಕಂಡು ಗೋಡೆಗೆ ಮುಖ ಮಾಡಿ ನಿಂತ. ಹತ್ತು ಹೆಜ್ಜೆ ದೂರದಲ್ಲಿ ಅವನ ಬೆನ್ನು. ಕಿವಿ ಚಿಕ್ಕಂದಿನ ಹಾಗೇ ಹೊರಗೆ ಚಾಚಿಕೊಂಡಿದೆ. ಒಂದು ಸಲ ಇಬ್ಬರಿಗೂ ಒಟ್ಟಿಗೆ ಸ್ನಾನ ಮಾಡಿಸುವಾಗ ಆ ಕಿವಿ ಹಿಡಿದೇ ನೀರು ಹೊಯ್ದಿದ್ದೆ. ನೋಡಿದೆ. ಒಳಗೆ ಹೋದೆ.

ಫರ್ಹಾನಾ ದಿಂಬಿಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದಂತೆ.

"ಅತ್ತೆ, ಆ ಗಂಟು ಕೊಡಿ. ಒಂದು ತಪ್ಪಾಗಿದೆ."

"ನಿನ್ನ ಕೈಲಿ ತಪ್ಪಾಗಲ್ಲ ಕಣೇ."

"ಆಗಿದೆ. ಕೊಡಿ."

ಮುದುಕಿ ದಿಂಬಿನ ಕೆಳಗೆ ಕೈ ಹಾಕಿ ಎರಡು ತುಂಡು ಎಳೆದಳು. ತಲೆವಸ್ತ್ರ. ಎದೆಪಟ್ಟಿ. ನೀಟಾಗಿ ಮಡಿಸಿದ್ದವು, ಮಡಿಕೆಯಲ್ಲಿ ಒಣಗಿದ ಗೋರಂಟಿ ಎಲೆ ಇಟ್ಟಿದ್ದಳು.

"ಬಂದ ದಿನಾನೇ ಬಿಚ್ಚಿ ನೋಡ್ದೆ. ಎಷ್ಟು ಹೆಣ ತೊಳ್ದಿದೀನಿ ನಾನು, ಎಣಿಸೋಕೆ ಬರಲ್ವಾ?"

"ಯಾರಿಗೆ ಹೇಳಿದ್ರಿ?"

"ಯಾರಿಗೆ ಹೇಳ್ಲಿ? ಕಿನಾವಿಗೆ ಹೇಳಿದ್ರೆ ಅವನು ಹೊತ್ಕೊಂಡು ಬರ್ತಾನಾ? ಅವನ ಚಿಕ್ಕಪ್ಪಂದಿರಿಗೆ ಹೇಳಿದ್ರೆ ಇಷ್ಟು ಹೊತ್ತಿಗೆ ನಿಮ್ಮನೆ ಬಾಗ್ಲು ಇರ್ತಿತ್ತಾ? ಮೂರನ್ನ ಗಂಟು ಕಟ್ಟಿಟ್ಟೆ. ಎರಡು ನನಗೆ ಇಟ್ಕೊಂಡೆ."

"ನಿಮಗೆ?"

"ಹೆಂಗಸಿಗೆ ಐದು ಬೇಕಲ್ಲ ಮತ್ತೆ! ಎರಡು ತಾನಾಗೇ ಮನೆಗೆ ಬಂತು. ಇನ್ನು ಮೂರು ನಿಧಾನಕ್ಕೆ ಬರ್ಲಿ." ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ನೀರು ಕುಡಿಸಿದೆ, ಬೆನ್ನು ನೀವಿದೆ. ಬೆನ್ನ ಮೂಳೆಗಳು ಒಂದೊಂದೂ ಕೈಗೆ ಸಿಕ್ಕಿದವು.

"ಬಯ್ಯಿರಿ ಅತ್ತೆ ನನಗೆ."

"ಬಯ್ಯೋಕೆ ಉಸಿರು ಎಲ್ಲಿಂದ ತರ್ಲಿ?" ನನ್ನ ಮಣಿಕಟ್ಟು ಹಿಡಿದಳು. "ನಿನ್ನ ಸಿಟ್ಟು ಯಾರ ಹತ್ರಾನಾದ್ರೂ ಇರ್ಬೇಕಲ್ಲೇ. ನನ್ನ ದಿಂಬಿನ ಕೆಳಗೆ ಇರ್ಲಿ. ಇಬ್ಬರಿಗೂ ಹಾಲು ಕುಡಿಸ್ದೋಳು ನಾನು. ಸತ್ತೋನಿಗೆ ಅಳೋಕೆ ಹೋದ್ರೆ ಕೊಂದೋನ ತಾಯಿ ಅಂತಾರೆ. ಇವನನ್ನ ಮುದ್ದು ಮಾಡೋಕೆ ಹೋದ್ರೆ ಕೈಯಲ್ಲಿ ರಿಫಾಯಿ ವಾಸನೆ ಬರುತ್ತೆ. ನಾನೆಲ್ಲಿಗೆ ಹೋಗ್ಲಿ ಹೇಳು?"

ಹೊರಗೆ ಬಂದಾಗ ಅವನು ಇನ್ನೂ ಗೋಡೆಗೇ ಮುಖ ಮಾಡಿ ನಿಂತಿದ್ದ. ಕತ್ತೆ ಸೋಗೆ ತಿಂದು ಮುಗಿಸಿತ್ತು.

ಶಾಬಾನ್ ೨೦, ಬುಧವಾರ

ಶಾಲೆಯ ಮಹಡಿಯ ಮೇಲೆ ಹೆಂಗಸರು. ಕೆಳಗೆ ಗಂಡಸರ ಸಮುದ್ರ. ಬಣ್ಣದ ಶಾಮಿಯಾನ, ಧ್ವನಿವರ್ಧಕ, ಕೋವಿ ಹಿಡಿದ ಪೊಲೀಸರು. ಮೊದಲ ಸಾಲಿನ ಮೆತ್ತೆಯ ಕುರ್ಚಿಯಲ್ಲಿ ಹಾಜಿ ಅಬುಲ್ ವಫಾ.

ಕಿನಾವಿ ಬಂದ. ಬರಿಗಾಲು. ಬೋಳುತಲೆಯ ಮೇಲೆ ಬಿಸಿಲು. ಚಾಚಿದ ಎರಡು ಕೈಗಳ ಮೇಲೆ ಬಿಳಿ ಗಂಟು. ಶೇಖ್ ಬಿಡಿಸಿ ಎತ್ತಿ ತೋರಿಸಿದ. ಒಂದು. ಎರಡು. ಮೂರು. ನಾಲ್ಕನೆಯದಕ್ಕೆ ಕಾದೆ, ಇರುವುದಿಲ್ಲ ಅಂತ ಗೊತ್ತಿದ್ದೂ.

"ನನ್ನ ಪ್ರಾಣ ನಿನ್ನ ಕೈಯಲ್ಲಿದೆ ಸಬೂರಣ್ಣ."

ಸಬೂರ ಒಂದು ಸಲ ಮಹಡಿಯ ಕಡೆ ತಲೆಯೆತ್ತಿದ. ಅಷ್ಟು ಕರಿಯ ಬಟ್ಟೆಗಳ ನಡುವೆ ನಾನು ಕಂಡೆನೋ ಇಲ್ಲವೋ. ನಾನು ತಲೆಯಾಡಿಸಿದೆ ಅಂತ ಪಕ್ಕದವಳು ಆಮೇಲೆ ಹೇಳಿದಳು. ನನಗೆ ನೆನಪಿಲ್ಲ.

"ದೇವರಿಗೋಸ್ಕರ ಬಿಟ್ಟೆ," ಅಂದ ಸಬೂರ. ಕಫನ್ ತೆಗೆದುಕೊಂಡ. ಕಿನಾವಿಯ ಬದಲು ಒಂದು ಕುರಿ ಕೊಯ್ದರು.

ಅಲ್ಲಿಗೆ ಮುಗಿಯಬೇಕಿತ್ತು. ಹಾಜಿ ಮೈಕು ಹಿಡಿದ. ಎರಡು ಮನೆಗಳ ಅಜ್ಞಾನದಿಂದ, ಬಡವರ ಹೊಟ್ಟೆಕಿಚ್ಚಿನಿಂದ, ಕ್ಷಮೆಯ ಪಾಠ ಕಲಿಯದ್ದರಿಂದ ಈ ರಕ್ತ ಹರಿಯಿತಂತೆ. ನಮ್ಮ ನಫ್ಸಿನ ಮೇಲೆ, ಒಳಗಿನ ನಾಯಿಯ ಮೇಲೆ, ನಾವು ಜಿಹಾದ್ ಮಾಡಬೇಕಂತೆ. ಅಪ್ಪನ ಮಾತು! ಅಪ್ಪ ಬರಿಹೊಟ್ಟೆಯಲ್ಲಿ ಆಡಿದ ಮಾತನ್ನು ಆ ಬಾಯಿ ಆಡಿತು.

ನಾನು ಎದ್ದು ನಿಂತೆ.

"ಹಾಜೀ! ನಿಮ್ಮ ಕಫನ್ ಎಲ್ಲಿ?"

ಅಷ್ಟು ಜೋರು ನನ್ನ ಗಂಟಲಿನಲ್ಲಿದೆ ಅಂತ ನನಗೇ ಗೊತ್ತಿರಲಿಲ್ಲ. ಇಡೀ ಮೈದಾನ ತಲೆಯೆತ್ತಿತು.

"ಒಂದೇ ಹೊಲಾನ ಎರಡು ಮನೆಗೆ ಬರಕೊಟ್ಟೋರು ನೀವು. ಎರಡು ಕಾಗದಾನೂ ಇದೆ, ಎರಡ್ರಲ್ಲೂ ನಿಮ್ಮ ಮೊಹರಿದೆ! ಹೊಡೆದೋನು ಬರಿಗಾಲಲ್ಲಿ ಬಂದ. ನೀವ್ಯಾಕೆ ಬೂಟು ಹಾಕ್ಕೊಂಡು ಕುರ್ಚೀಲಿ ಕೂತಿದೀರಿ? ನಿಮ್ಮ ಕಫನ್ ಬಿಡಿಸಿ ತೋರ್ಸಿ, ನಾವೂ ಎಣಿಸ್ತೀವಿ!"

ಮೈಕು ಕಿರುಚಿತು. ಯಾರೋ ಪ್ರವಾದಿಯ ಮೇಲಿನ ಸ್ತುತಿಯನ್ನು ಜೋರಾಗಿ ಹಾಡಲು ಶುರುಮಾಡಿ ನನ್ನ ದನಿ ಮುಚ್ಚಿದರು. ಹೆಂಗಸರು ನನ್ನ ಸೆರಗು ಹಿಡಿದು ಕೂರಿಸಿದರು. ಅವ್ವ ಮಾತ್ರ ನನ್ನ ಕೈ ಹಿಡಿದಳು. ಆಮೇಲೆ ಅವಳ ಹೊಟ್ಟೆಯೊಳಗಿನಿಂದ, ಒಂಬತ್ತು ತಿಂಗಳ ಆಳದಿಂದ, ಅಳು ಬಂತು.

ಶಾಬಾನ್ ೨೩, ಶನಿವಾರ

ಮೂರು ದಿನ ಶೋಕ ಕೂತೆವು. ಚಾಪೆ ಹಾಸಿದೆವು. ಸಕ್ಕರೆಯಿಲ್ಲದ ಕಾಫಿ ಕಾಯಿಸಿ ಕಾಯಿಸಿ ನನ್ನ ಬೆರಳು ಸುಟ್ಟಿವೆ.

ಕಫನ್ ಏನು ಮಾಡುವುದು ಅಂತ ಸಬೂರ ಕೇಳಿದ. ಸುಡು ಅಂದಳು ಅವ್ವ. ನನ್ನ ಪೆಟ್ಟಿಗೆಯಲ್ಲಿಟ್ಟೆ, ಎರಡು ದಾರಗಳ ಜತೆ.

ನನಗೆ ವರ್ಗಾವಣೆ ಆದೇಶ ಬಂದಿದೆ. ಮರುಭೂಮಿ ಅಂಚಿನ ಶಾಲೆ, ಎರಡು ತಾಸಿನ ದಾರಿ. ಕಾರಣ ಬರೆದಿಲ್ಲ. ಕಾಲುವೆ ದಂಡೆಯ ಹೊಲವನ್ನು ಹಾಜಿ ಎರಡು ಮನೆಯಿಂದಲೂ ಕಿತ್ತುಕೊಂಡು ಮೂರನೆಯವನಿಗೆ ಕೊಟ್ಟಿದ್ದಾನೆ. ಕಾಗದ ಯಾರ್ಯಾರ ಕೈಯಲ್ಲಿದೆ ಅಂತ ಮೊದಲು ವಿಚಾರಿಸಿಕೊಳ್ಳಿ ಅಂತ ಆ ಮೂರನೆಯವನ ಅಕ್ಕನಿಗೆ ಹೇಳಿಕಳಿಸಿದ್ದೇನೆ.

ಗೆದ್ದೆವು ಅಂತ ಯಾರೂ ಹೇಳಬೇಡಿ. ರಿಫಾಯಿ ಮಣ್ಣಿನಲ್ಲಿದ್ದಾನೆ.

ರಂಜಾನ್ ೬, ಗುರುವಾರ

ಫರ್ಹಾನತ್ತೆ ಬೆಳಗಿನ ನಮಾಜಿನ ಹೊತ್ತಿಗೆ ಹೋದಳಂತೆ. ಕೂತಲ್ಲೇ. ರಾಜಿಯಾದ ಮೇಲೆ ತನ್ನ ಮನೆಗೇ ಮರಳಿ ಬಂದಿದ್ದಳು. ಹದಿನಾಲ್ಕರ ನಾನು ಕೂಸನ್ನು ಎತ್ತಿಕೊಂಡು ಓಡುತ್ತಿದ್ದ ಅದೇ ಮನೆ.

ತೊಳೆಯಲು ಹೋಗುವಾಗ ಪೆಟ್ಟಿಗೆ ತೆರೆದು ಕಫನಿನ ಮೂರು ತುಂಡನ್ನೂ ತೆಗೆದೆ. ಸಬೂರ ನೋಡಿದ.

"ಅವು ನಮ್ಮನೆಯವಲ್ಲ ಅಕ್ಕಾ. ತಗೊಂಡು ಹೋಗು."

ನಾನು ಹೋಗುವಷ್ಟರಲ್ಲಿ ಹಾಜಿ ಅಬುಲ್ ವಫಾನ ಆಳು ಬಂದಿದ್ದ. ಕೈಯಲ್ಲಿ ನುಣುಪಾದ ಹೊಸ ಹತ್ತಿಬಟ್ಟೆ. ಮುದುಕಿಯ ಕಫನಿಗೆ ಹಾಜಿಯ ದಾನವಂತೆ.

"ವಾಪಸು ತಗೊಂಡು ಹೋಗು," ಅಂದೆ. "ಹಾಜಿಗೇ ಇರ್ಲಿ. ಅಳತೆ ತೆಗೀಬೇಕಾದ್ರೆ ನಾನೇ ಬರ್ತೀನಿ ಅಂತ ಹೇಳು."

ತೊಳೆದವಳು ಕಂಡದ್ದನ್ನು ಹೇಳಬಾರದು. ಅದನ್ನು ಇಲ್ಲೂ ಬರೆಯುವುದಿಲ್ಲ. ದಿಂಬಿನ ಕೆಳಗೆ ಎರಡು ತುಂಡು ಇದ್ದವು, ಗೋರಂಟಿ ಎಲೆ ಪುಡಿಯಾಗಿತ್ತು. ಕೆಳಹೊದಿಕೆ ಸುತ್ತಿದೆ. ಅಂಗಿ ಹಾಕಿದೆ. ತಲೆವಸ್ತ್ರ. ಎದೆಪಟ್ಟಿ ಕಟ್ಟುವಾಗ ಕೈ ಸ್ವಲ್ಪ ತಡವಾಯಿತು. ಮೇಲ್ಹೊದಿಕೆ ಮಗನ ಅಳತೆಯದು, ಕಾಲಿನ ಕಡೆ ಒಂದು ಮೊಳ ಉಳಿಯಿತು. ಹರಿಯಲಿಲ್ಲ. ಒಳಕ್ಕೆ ಮಡಿಸಿದೆ, ಪಾದ ಬೆಚ್ಚಗಿರಲಿ ಅಂತ.

ಐದು.

ಗಂಡಸರು ಮಣ್ಣು ಮಾಡಿ ಬರುವಷ್ಟರಲ್ಲಿ ಸೂರ್ಯ ಇಳಿದಿದ್ದ. ಉಪವಾಸ ಬಿಡುವ ಬಾಂಗ್ ಆಯಿತು. ಕಿನಾವಿ ಹೊಸ್ತಿಲಿನ ಆಚೆ ನಿಂತಿದ್ದ, ಕೈಯೆಲ್ಲ ಗೋರಿಯ ಮಣ್ಣು. ಮನೆ ಅವನದೇ. ಒಳಗೆ ನಾನಿದ್ದೆ ಅಂತ ಬರಲಿಲ್ಲ.

"ಬದ್ರಿಯಕ್ಕಾ, ಬಟ್ಟೆ ಯಾರು ಕೊಟ್ರು?"

"ಮನೇಲಿತ್ತು."

ಅವನ ಬಾಯಿ ಒಣಗಿ ತುಟಿ ಬಿಳಿಚಿತ್ತು. ಮೂಲೆಯ ಗಡಿಗೆಯಿಂದ ಒಂದು ಲೋಟ ನೀರು ಬಗ್ಗಿಸಿ ಹೊಸ್ತಿಲ ಮೇಲೆ ಇಟ್ಟೆ. ಅವನು ಕುಡಿಯುವತನಕ ನಿಂತಿದ್ದು, ಲೋಟ ತೊಳೆದು ಬೋರಲು ಹಾಕಿ ಬಂದೆ.